ಆಸ್ಪತ್ರೆಯಲ್ಲಿ ಅಂಟಿದ ಸೋಂಕಿಗೆ ಲೆಕ್ಕ ಕೇಳಬಾರದೇ?



ಭಾನುವಾರದ ಪೂಜೆ ಮುಗಿದ ಮೇಲೆ ನಾವು ಕೆಲವರು ವಾಳೆಯಲ್ಲಿ ಕಾಯಿಲೆ ಇರುವವರ ಮನೆಗಳಿಗೆ ಹೋಗುವುದು ನಿಮಗೆ ಗೊತ್ತುಂಟು. ಆ ಮನೆಗಳಲ್ಲಿ ನಾವು ಮತ್ತೆ ಮತ್ತೆ ಕೇಳುವ ಮಾತು ಒಂದೇ: "ಆಪರೇಶನ್ ಎಲ್ಲ ಒಳ್ಳೆದಾಗಿತ್ತು, ಆಮೇಲೆ ಇನ್ಫೆಕ್ಷನ್ ಆಯ್ತು." ಆಟಿ ತಿಂಗಳಲ್ಲಿ ಮಳೆ ಬಂತು ಅಂದ ಹಾಗೆ ಹೇಳುತ್ತಾರೆ. ಯಾರೂ ಏನೂ ಮಾಡುವ ಹಾಗಿಲ್ಲ, ಬಂತು, ಅನುಭವಿಸಿದೆವು, ಅಷ್ಟೇ. ಎರಡನೇ ಆಪರೇಶನ್‌ಗೆ ಚಿನ್ನ ಅಡವಿಟ್ಟದ್ದು, ದುಬೈಯಲ್ಲಿರುವ ಮಗ ರಜೆ ಇಲ್ಲದೆ ಕೆಲಸ ಬಿಟ್ಟು ಬಂದದ್ದು, ಎಲ್ಲವನ್ನೂ ಅದೇ ಸ್ವರದಲ್ಲಿ ಹೇಳುತ್ತಾರೆ.

ನಮ್ಮ ಅಭಿಪ್ರಾಯ ಬೇರೆ. ಆಸ್ಪತ್ರೆಯ ಸೋಂಕು ಮಳೆಯಂಥದ್ದಲ್ಲ. ಕೆಲವು ಸಲ ಎಷ್ಟು ಜಾಗ್ರತೆ ಮಾಡಿದರೂ ಬರುತ್ತದೆ, ನಿಜ. ಆದರೆ ಎಷ್ಟೋ ಸಲ ಅದು ತೊಳೆಯದ ಕೈಯಿಂದ, ಸರಿಯಾಗಿ ಬೇಯದ ಉಪಕರಣದಿಂದ, ಅಗತ್ಯ ಮುಗಿದ ಮೇಲೂ ತೆಗೆಯದೆ ಬಿಟ್ಟ ಮೂತ್ರದ ಟ್ಯೂಬಿನಿಂದ ಬರುತ್ತದೆ. ಯಾವುದು ಯಾವುದೆಂದು ಕೇಳುವ ಹಕ್ಕು ರೋಗಿಗೆ ಉಂಟು, ಕೇಳುವುದಕ್ಕೆ ಕಾನೂನಿನಲ್ಲಿ ದಾರಿಯೂ ಉಂಟು. ಆ ದಾರಿಯ ಬಗ್ಗೆ ನಮ್ಮ ಊರುಗಳಲ್ಲಿ ಮಾತೇ ಇಲ್ಲ. ಅದಕ್ಕೇ ಈ ಬರಹ.

ಮೊದಲು ಆಸ್ಪತ್ರೆ ಸೋಂಕು ಅಂದರೆ ಎಂತದು ಎಂದು ಹೇಳಿಬಿಡುತ್ತೇವೆ. ಸೇರಿಸುವಾಗ ಇಲ್ಲದ, ದೇಹದೊಳಗೆ ಬೆಳೆಯುತ್ತಲೂ ಇರದ ಸೋಂಕು ದಾಖಲಾಗಿ ಸುಮಾರು 48 ಗಂಟೆ ಕಳೆದ ಮೇಲೆ ಕಾಣಿಸಿಕೊಂಡರೆ ವೈದ್ಯರು ಅದನ್ನು ಆಸ್ಪತ್ರೆಯಲ್ಲಿ ಬಂದದ್ದೆಂದು ಎಣಿಸುತ್ತಾರೆ. ಆಪರೇಶನ್ ಗಾಯದ ಸೋಂಕಾದರೆ 30 ದಿನದವರೆಗೂ, ಒಳಗೆ ಕೃತಕ ಕೀಲು, ಪ್ಲೇಟ್ ಇಟ್ಟಿದ್ದರೆ ಇನ್ನೂ ಹೆಚ್ಚು ದಿನದವರೆಗೂ ಲೆಕ್ಕ ಹೋಗುತ್ತದೆ. ಹಾಗಾಗಿ "ಮನೆಗೆ ಹೋದ ಮೇಲೆ ಆದದ್ದು, ನಮಗೆ ಸಂಬಂಧ ಇಲ್ಲ" ಎಂಬ ಉತ್ತರ ಯಾವಾಗಲೂ ಸರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ ಪ್ರಕಾರ, ಶ್ರೀಮಂತ ದೇಶಗಳಲ್ಲಿ ಆಸ್ಪತ್ರೆ ಸೇರಿದ 100 ಜನರಲ್ಲಿ 7 ಮಂದಿಗೆ ಇಂಥ ಸೋಂಕು ಒಂದಾದರೂ ತಗಲುತ್ತದೆ. ನಮ್ಮಂಥ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 15 ಮಂದಿಗೆ. ತಗಲಿದವರಲ್ಲಿ ಹತ್ತಕ್ಕೆ ಒಬ್ಬರು ಸಾಯುತ್ತಾರೆ. 7ಕ್ಕೂ 15ಕ್ಕೂ ನಡುವೆ ಇರುವ ಆ 8 ಜನರನ್ನು ಸ್ವಲ್ಪ ಯೋಚಿಸಿ. ರೋಗಾಣುಗಳಿಗೆ ದೇಶದ ಗಡಿ ಗೊತ್ತಿಲ್ಲ. ಅಲ್ಲಿ ತಡೆದದ್ದನ್ನು ಇಲ್ಲಿ ತಡೆಯಲಿಲ್ಲ, ಅಷ್ಟೇ.

ಇಂಥದ್ದು ಆದಾಗ ನಮ್ಮವರು ಎರಡು ರೀತಿ ಮಾಡುತ್ತಾರೆ. ಹೆಚ್ಚಿನವರು "ದೇವರ ಚಿತ್ತ" ಎಂದು ಸುಮ್ಮನಾಗುತ್ತಾರೆ. ಸ್ವಲ್ಪ ಜನ ಹತ್ತು ಗೆಳೆಯರನ್ನು ಕರೆದುಕೊಂಡು ಹೋಗಿ ಕೌಂಟರಿನಲ್ಲಿ ಗಲಾಟೆ ಮಾಡುತ್ತಾರೆ, ವೀಡಿಯೊ ತೆಗೆದು ಹಾಕುತ್ತಾರೆ. ಎರಡನೆಯದನ್ನು ಮಾಡುವವರು ಸಾಮಾನ್ಯವಾಗಿ ನಮ್ಮ ವಯಸ್ಸಿನವರೇ, ಅದಕ್ಕೆ ನೇರವಾಗಿ ಹೇಳುತ್ತೇವೆ: ಗಲಾಟೆಯಿಂದ ಸಿಗುವುದು ಪೊಲೀಸ್ ಕೇಸ್ ಮಾತ್ರ, ಅದೂ ನಿಮ್ಮ ಮೇಲೆ. ಕೊಟ್ಟಾರಕ್ಕರದಲ್ಲಿ ಯುವ ವೈದ್ಯೆ ವಂದನಾ ದಾಸ್ ಕೊಲೆಯಾದ ಮೇಲೆ 2023ರಲ್ಲಿ ಕೇರಳ ತನ್ನ ಕಾನೂನನ್ನು ಬಿಗಿ ಮಾಡಿತು. ಆಸ್ಪತ್ರೆ ಸಿಬ್ಬಂದಿಗೆ ತೀವ್ರ ಗಾಯ ಮಾಡಿದರೆ ಈಗ 7 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅದು ಸರಿಯಾದ ಕಾನೂನೇ. ಇನ್ನು "ದೇವರ ಚಿತ್ತ"ದ ಬಗ್ಗೆ ನಾವು ಹೇಳುವುದಿಷ್ಟು: ಕೈ ತೊಳೆಯದೆ ಬ್ಯಾಂಡೇಜ್ ಬದಲಿಸುವುದು ದೇವರ ಚಿತ್ತ ಎಂದು ಯಾವ ಉಪದೇಶದಲ್ಲೂ ನಾವು ಕೇಳಿಲ್ಲ.

ಈಗ ಕಾನೂನಿಗೆ ಬರೋಣ. ಒಂದು ವಿಷಯ ಮೊದಲೇ ತಿಳಿದಿರಬೇಕು, ಇಲ್ಲದಿದ್ದರೆ ಮುಂದಿನದ್ದೆಲ್ಲ ತಪ್ಪಾಗಿ ಅರ್ಥವಾಗುತ್ತದೆ. ಸೋಂಕು ಬಂತು ಎಂಬುದಷ್ಟೇ ಆಸ್ಪತ್ರೆಯ ತಪ್ಪಿಗೆ ಸಾಕ್ಷಿಯಲ್ಲ. ಕೋರ್ಟು ಕೇಳುವ ಪ್ರಶ್ನೆ, ಆ ವೃತ್ತಿಯವರು ಸಾಮಾನ್ಯವಾಗಿ ತೆಗೆದುಕೊಳ್ಳಬೇಕಾದ ಜಾಗ್ರತೆ ತೆಗೆದುಕೊಂಡರೇ ಎಂಬುದು. ನಮ್ಮ ಪಕ್ಕದ ವಾಳೆಯ ಹಿರಿಯರೊಬ್ಬರ ಮೊಣಕಾಲಿನ ವಿಷಯವನ್ನೇ ತೆಗೆದುಕೊಳ್ಳಿ. ಗಡಿಯಾಚೆಯ ಒಂದು ಆಸ್ಪತ್ರೆಯಲ್ಲಿ ಕೃತಕ ಕೀಲು ಹಾಕಿಸಿಕೊಂಡು ಬಂದರು. ಹತ್ತನೇ ದಿನಕ್ಕೆ ಗಾಯದಿಂದ ನೀರು ಜಿನುಗಿತು. ಎರಡು ಸಲ ಹೋಗಿ ತೋರಿಸಿದಾಗಲೂ "ಅದು ಹಾಗೆಯೇ, ಒಣಗುತ್ತದೆ" ಎಂದು ಮಾತ್ರೆ ಬದಲಿಸಿ ಕಳಿಸಿದರು. ಮೂರನೇ ಸಲ ಜ್ವರ ಏರಿದಾಗ ಸೇರಿಸಿಕೊಂಡು ಗಾಯ ಬಿಡಿಸಿದರೆ ಒಳಗೆಲ್ಲ ಕೀವು. ಕೊನೆಗೆ ಹಾಕಿದ ಕೀಲನ್ನೇ ತೆಗೆಯಬೇಕಾಯಿತು.

ಅವರ ಮನೆಯವರು ಹೇಳುವುದು "ಆಪರೇಶನ್ ಥಿಯೇಟರ್ ಕ್ಲೀನ್ ಇರಲಿಲ್ಲ" ಎಂದು. ಇರಬಹುದು, ಆದರೆ ಅದನ್ನು ಹೊರಗಿನವರು ಸಾಬೀತು ಮಾಡುವುದು ಕಷ್ಟ. ನಮಗೆ ಕಾಣುವ ಗಟ್ಟಿ ಪ್ರಶ್ನೆಗಳು ಬೇರೆಯೇ. ಮೊದಲ ಸಲ ಜಿನುಗಿದಾಗ ಅದನ್ನು ಕಲ್ಚರ್ ಪರೀಕ್ಷೆಗೆ ಯಾಕೆ ಕಳಿಸಲಿಲ್ಲ? ಆಪರೇಶನ್‌ಗೆ ಮೊದಲು ಸಕ್ಕರೆ ಎಷ್ಟಿತ್ತು, ಇಳಿಸಿಕೊಂಡರೇ? ಚರ್ಮ ಕೊಯ್ಯುವ ಮೊದಲು ಕೊಡಬೇಕಾದ ಆಂಟಿಬಯಾಟಿಕ್ ಎಷ್ಟು ಗಂಟೆಗೆ ಕೊಟ್ಟರು? ಅದನ್ನು ಕೊಯ್ಯುವುದಕ್ಕೆ ಮೊದಲಿನ ಎರಡು ಗಂಟೆಯೊಳಗೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಉಂಟು, ಕೊಟ್ಟ ಸಮಯ ಚಾರ್ಟಿನಲ್ಲಿ ಇರಲೇಬೇಕು. ಉಪಕರಣಗಳನ್ನು ಆ ದಿನ ಸ್ಟೆರಿಲೈಜ್ ಮಾಡಿದ ದಾಖಲೆ ಎಲ್ಲಿ? ಸೋಂಕು ಬಂದದ್ದಕ್ಕಿಂತ ಅದನ್ನು ಗುರುತಿಸಲು ತಡ ಮಾಡಿದ್ದು, ಗುರುತಿಸಿದ ಮೇಲೆ ಮನೆಯವರಿಗೆ ಹೇಳದೆ ಉಳಿದದ್ದು, ಇವುಗಳನ್ನು ಕಾಗದದಲ್ಲಿ ತೋರಿಸುವುದು ಸುಲಭ. ಇಂಥ ಕೇಸು ನಿಲ್ಲುವುದೂ ಬೀಳುವುದೂ ಹೆಚ್ಚಾಗಿ ಕಾಗದದ ಮೇಲೆಯೇ.

ಹಾಗಾದರೆ ಎಲ್ಲಿಗೆ ಹೋಗುವುದು? ಹಣ ಕೊಟ್ಟು ಚಿಕಿತ್ಸೆ ಪಡೆದವರಿಗೆ ಹತ್ತಿರದ ಬಾಗಿಲು ಗ್ರಾಹಕ ಆಯೋಗ. 1995ರಲ್ಲಿ ಇಂಡಿಯನ್ ಮೆಡಿಕಲ್ ಅಸೋಸಿಯೇಶನ್ ವಿರುದ್ಧ ವಿ.ಪಿ. ಶಾಂತಾ ಎಂಬ ಕೇಸಿನಲ್ಲಿ ಸುಪ್ರೀಂ ಕೋರ್ಟ್, ವೈದ್ಯರ ಸೇವೆಯೂ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಎಂದು ಹೇಳಿತು. ಎಲ್ಲರಿಗೂ ಪೂರ್ತಿ ಉಚಿತವಾಗಿ ಕೊಡುವ ಸೇವೆ ಮಾತ್ರ ಹೊರಗೆ. ಕೆಲವರಿಂದ ಹಣ ತೆಗೆದುಕೊಂಡು ಕೆಲವರಿಗೆ ಉಚಿತ ಮಾಡುವ ಆಸ್ಪತ್ರೆಯಲ್ಲಿ ಉಚಿತ ವಾರ್ಡಿನ ರೋಗಿಯೂ ಗ್ರಾಹಕನೇ. ಬಿಲ್ಲನ್ನು ಇನ್ಶೂರೆನ್ಸ್ ಕಂಪೆನಿ ಕಟ್ಟಿದರೂ ಗ್ರಾಹಕನೇ. ಮಂಗಳೂರಿನ ಆಸ್ಪತ್ರೆಗಳಲ್ಲಿ ಕನ್ಸೆಶನ್ ಮಾಡಿಸಿಕೊಂಡವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. "ಕಡಿಮೆ ಮಾಡಿ ಕೊಟ್ಟಿದ್ದಾರೆ, ಇನ್ನು ಹೇಗೆ ಕೇಳುವುದು" ಎಂಬ ಸಂಕೋಚ ಅವರಿಗೆ. ಕನ್ಸೆಶನ್ ಬಿಲ್ಲಿಗೆ ಸಿಕ್ಕಿದ್ದು, ಜಾಗ್ರತೆಗೆ ಅಲ್ಲ ಮಾರಾಯ್ರೇ.

ಇಲ್ಲಿ ಕಾಸರಗೋಡಿನವರಾದ ನಮಗೆ ಬಹಳ ಉಪಯೋಗದ ಒಂದು ಮಾತುಂಟು. ನಾವು ಕೇರಳದಲ್ಲಿದ್ದರೂ ದೊಡ್ಡ ಕಾಯಿಲೆಗೆ ತಲಪಾಡಿ ದಾಟಿ ಮಂಗಳೂರಿಗೇ ಹೋಗುವವರು. 2020ರ ಮಾರ್ಚಿನಲ್ಲಿ ಗಡಿ ಮುಚ್ಚಿದಾಗ ಆ ಅವಲಂಬನೆ ಎಷ್ಟು ದೊಡ್ಡದೆಂದು ಎಲ್ಲರೂ ನೋಡಿದ್ದೇವೆ. "ಕೇಸು ಹಾಕಬೇಕಾದರೆ ಮಂಗಳೂರಿಗೆ ಅಲೆಯಬೇಕು, ಯಾರಿಗೆ ಬೇಕು" ಎಂದು ಬಿಟ್ಟುಬಿಡುವವರು ಹಲವರು. ಹಳೆಯ 1986ರ ಕಾನೂನಿನಲ್ಲಿ ಅದು ಹೆಚ್ಚುಕಡಿಮೆ ಸರಿಯಾಗಿತ್ತು. 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈಯಲ್ಲಿ ಜಾರಿಗೆ ಬಂದ ಮೇಲೆ ಹಾಗಿಲ್ಲ. ಅದರ 34ನೇ ಕಲಂ ಪ್ರಕಾರ ದೂರುದಾರ ತಾನು ವಾಸ ಮಾಡುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ಆಸ್ಪತ್ರೆ ಮಂಗಳೂರಿನಲ್ಲಿದ್ದರೂ ಮಂಜೇಶ್ವರದವರು, ಕುಂಬಳೆಯವರು, ಬದಿಯಡ್ಕದವರು ಕಾಸರಗೋಡಿನ ಜಿಲ್ಲಾ ಆಯೋಗದಲ್ಲೇ ದೂರು ಹಾಕಬಹುದು. ಗಡಿ ದಾಟಿ ಬರಬೇಕಾದವರು ಆಸ್ಪತ್ರೆಯ ಕಡೆಯವರು.

ಖರ್ಚಿನ ಬಗ್ಗೆಯೂ ಹೆದರಿಕೆ ಬೇಡ. ಈಗ ಲೆಕ್ಕ ಹಿಡಿಯುವುದು ನೀವು ಆಸ್ಪತ್ರೆಗೆ ಕೊಟ್ಟ ಹಣವನ್ನು, ಕೇಳುವ ಪರಿಹಾರವನ್ನಲ್ಲ. ಕೊಟ್ಟದ್ದು 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗವೇ ಸಾಕು. 5 ಲಕ್ಷದವರೆಗಿನ ಬಿಲ್ಲಿಗೆ ಶುಲ್ಕವೇ ಇಲ್ಲ. 10 ಲಕ್ಷದವರೆಗೆ 200 ರೂಪಾಯಿ. ವಕೀಲರನ್ನು ಇಡಲೇಬೇಕೆಂದಿಲ್ಲ, ದೂರನ್ನು ಆನ್‌ಲೈನಿನಲ್ಲೂ ಸಲ್ಲಿಸಬಹುದು. ಆದರೆ ವೈದ್ಯಕೀಯ ನಿರ್ಲಕ್ಷ್ಯದ ಕೇಸಿನಲ್ಲಿ ಎದುರಿಗೆ ಒಳ್ಳೆಯ ವಕೀಲರು ಇರುತ್ತಾರೆ, ಹಾಗಾಗಿ ನಿಮಗೂ ಒಬ್ಬರು ಇರುವುದು ಒಳ್ಳೆಯದೆಂದೇ ನಮ್ಮ ಸಲಹೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಉಳಿದವರಿಗೆ ಆದಾಯದ ಮಿತಿ ಉಂಟು. ಮರೆಯಬಾರದ ಒಂದು ಗಡುವು: ಎರಡು ವರ್ಷ. ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಆಯೋಗ ಮನ್ನಿಸಬಹುದು, ಆದರೆ ಅದನ್ನು ನಂಬಿಕೊಂಡು ಕೂರಬೇಡಿ. ವರ್ಷಾಂತಿಕದ ಪೂಜೆ ಮುಗಿಯಲಿ, ಮಗಳ ಮದುವೆ ಮುಗಿಯಲಿ ಎನ್ನುತ್ತಾ ಎರಡು ವರ್ಷ ಹೋಗುವುದೇ ತಿಳಿಯುವುದಿಲ್ಲ.

ಸಾಬೀತು ಮಾಡುವ ಭಾರ ಪೂರ್ತಿ ರೋಗಿಯ ಮೇಲೆಯೇ ಎಂದು ಹಲವರ ಭಾವನೆ. ಅದೂ ಅರ್ಧ ಸತ್ಯ. 2004ರಲ್ಲಿ ಸವಿತಾ ಗರ್ಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಹೀಗೆ: ದೂರುದಾರ ತನ್ನ ಮೊದಲ ಹೊರೆ ಇಳಿಸಿದ ಮೇಲೆ ತನ್ನಲ್ಲಿ ನಿರ್ಲಕ್ಷ್ಯ ಆಗಿಲ್ಲ ಎಂದು ತೋರಿಸುವುದು ಆಸ್ಪತ್ರೆಯ ಕೆಲಸ, ಯಾವ ವೈದ್ಯರು ಏನು ಮಾಡಿದರೆಂಬುದು ಅದಕ್ಕೇ ತಾನೇ ಗೊತ್ತಿರುವುದು. ವೈದ್ಯರ ಹೆಸರನ್ನು ದೂರಿನಲ್ಲಿ ಸೇರಿಸಿಲ್ಲ ಎಂಬ ಕಾರಣಕ್ಕೆ ಆಸ್ಪತ್ರೆ ಜಾರಿಕೊಳ್ಳುವ ಹಾಗೂ ಇಲ್ಲ. 2010ರ ಕಿಶನ್ ರಾವ್ ಕೇಸಿನಲ್ಲಿ, ಮಲೇರಿಯಾವನ್ನು ಟೈಫಾಯಿಡ್ ಎಂದು ನೋಡಿದ ಹೈದರಾಬಾದಿನ ಪ್ರಕರಣ ಅದು, ಎಲ್ಲ ಕೇಸಿಗೂ ತಜ್ಞ ವೈದ್ಯರ ಸಾಕ್ಷ್ಯ ಬೇಕೇ ಬೇಕೆಂದಿಲ್ಲ ಎಂದಿತು. ಸೋಂಕಿನ ಕೇಸುಗಳಲ್ಲಿ ತಜ್ಞರ ಅಭಿಪ್ರಾಯ ಬೇಕಾಗುವುದೇ ಹೆಚ್ಚು, ಆದರೂ ಬಾಗಿಲಲ್ಲೇ ತಡೆದು ನಿಲ್ಲಿಸುವ ಹಾಗಿಲ್ಲ.

ಇತ್ತೀಚಿನ ದೊಡ್ಡ ತೀರ್ಪು 2023ರ ಸೆಪ್ಟೆಂಬರಿನದ್ದು. 2002ರಲ್ಲಿ ಗಡಿಯಲ್ಲಿ ಕರ್ತವ್ಯದಲ್ಲಿದ್ದ ವಾಯುಪಡೆಯ ಒಬ್ಬ ಯೋಧನಿಗೆ ಜಮ್ಮುವಿನ ಸಾಂಬಾದ ಸೇನಾ ಆಸ್ಪತ್ರೆಯಲ್ಲಿ ಒಂದು ಯೂನಿಟ್ ರಕ್ತ ಕೊಟ್ಟರು. 2014ರಲ್ಲಿ ಅವರಿಗೆ ಎಚ್‌ಐವಿ ಇರುವುದು ಗೊತ್ತಾಯಿತು. ರಾಷ್ಟ್ರೀಯ ಗ್ರಾಹಕ ಆಯೋಗ ದೂರನ್ನು ತಳ್ಳಿಹಾಕಿತ್ತು. ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ, ವಾಯುಪಡೆ ಮತ್ತು ಸೇನೆ ಎರಡೂ ಹೊಣೆ ಎಂದು 1 ಕೋಟಿ 54 ಲಕ್ಷ 73 ಸಾವಿರ ರೂಪಾಯಿ ಪರಿಹಾರ ಕೊಡಿಸಿತು. ಹನ್ನೆರಡು ವರ್ಷ ಕಳೆದ ಮೇಲೆ ತಿಳಿದ ಸೋಂಕು, ಎದುರಿಗೆ ದೇಶದ ಸೇನೆ. ಆದರೂ ನಿಂತಿತು.

ಸರಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಉಚಿತ ಚಿಕಿತ್ಸೆ ಪಡೆದವರಿಗೆ ಗ್ರಾಹಕ ಆಯೋಗದ ಬಾಗಿಲು ಸಾಮಾನ್ಯವಾಗಿ ಮುಚ್ಚಿರುತ್ತದೆ. ಅವರು ಸಿವಿಲ್ ಕೋರ್ಟಿಗೆ, ಹೈಕೋರ್ಟಿಗೆ, ಮಾನವ ಹಕ್ಕುಗಳ ಆಯೋಗಕ್ಕೆ ಹೋಗಬಹುದು. ಸರಕಾರ ಹೊಣೆಯಲ್ಲ ಎನ್ನುವ ಹಾಗಿಲ್ಲ ಎಂಬುದು ಬಹಳ ಹಿಂದೆಯೇ ತೀರ್ಮಾನವಾಗಿದೆ. ಔರಂಗಾಬಾದಿನ ಸರಕಾರಿ ಆಸ್ಪತ್ರೆಯಲ್ಲಿ 1963ರಲ್ಲಿ ಹೆರಿಗೆಗೆ ಬಂದ ಒಬ್ಬ ತಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವಾಗ ಹೊಟ್ಟೆಯೊಳಗೆ ಟವೆಲ್ ಬಿಟ್ಟರು. ಕೀವಾಗಿ ಅದೇ ತಿಂಗಳು ತೀರಿಕೊಂಡರು. ಯಾವ ವೈದ್ಯರ ಕೈ ತಪ್ಪಿತೆಂದು ಗೊತ್ತಾಗದಿದ್ದರೂ ಆಸ್ಪತ್ರೆ ನಡೆಸುವ ಸರಕಾರವೇ ಹೊಣೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಹೇಳಿದ್ದು 1996ರಲ್ಲಿ. ಪರಿಹಾರ 36,000 ರೂಪಾಯಿ. 33 ವರ್ಷ! ಕಾನೂನಿನ ದಾರಿ ಉಂಟು ಎನ್ನುವಾಗ ಇದನ್ನೂ ಹೇಳದಿದ್ದರೆ ನಾವು ನಿಮಗೆ ಸುಳ್ಳು ಹೇಳಿದ ಹಾಗೆ. ಗ್ರಾಹಕ ಆಯೋಗ ಮೂರರಿಂದ ಐದು ತಿಂಗಳಲ್ಲಿ ತೀರ್ಮಾನಿಸಬೇಕೆಂದು ಕಾಯಿದೆಯಲ್ಲಿ ಬರೆದಿದೆ; ನಡೆಯುವಾಗ ವರ್ಷಗಳೇ ಹಿಡಿಯುತ್ತವೆ.

ಸರಕಾರಿ ಆಸ್ಪತ್ರೆಯಾದರೆ ಒಂದು ಅನುಕೂಲವೂ ಉಂಟು. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಬಹುದು: ಆ ತಿಂಗಳು ಆ ಥಿಯೇಟರಿನಲ್ಲಿ ಎಷ್ಟು ಜನರಿಗೆ ಗಾಯದ ಸೋಂಕಾಯಿತು, ಸೋಂಕು ನಿಯಂತ್ರಣ ಸಮಿತಿ ಯಾವಾಗ ಸಭೆ ಸೇರಿತು, ಆಟೋಕ್ಲೇವ್ ಯಂತ್ರ ಎಷ್ಟು ದಿನ ಕೆಟ್ಟಿತ್ತು. 30 ದಿನದಲ್ಲಿ ಉತ್ತರ ಕೊಡಬೇಕು. ಮತ್ತೆ, ದೂರನ್ನು ಮಲಯಾಳದಲ್ಲೇ ಬರೆಯಬೇಕು, ನಮಗೆ ಬರುವುದಿಲ್ಲ ಎಂದು ನಮ್ಮ ಹಿರಿಯರು ಹಿಂಜರಿಯುತ್ತಾರೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೇ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡುವ ಅವಕಾಶ ಕೊಟ್ಟಿದೆ. ಡಿಎಂಒ ಕಚೇರಿಗೆ ಕನ್ನಡದಲ್ಲೇ ಬರೆಯಿರಿ. ಗಡಿನಾಡ ಕನ್ನಡದ ಬಗ್ಗೆ ವೇದಿಕೆಯಲ್ಲಿ ಭಾಷಣ ಮಾಡುವ ನಾವು ಇಂಥ ಕಡೆ ಅದನ್ನು ಬಳಸದಿದ್ದರೆ ಏನು ಬಂತು?

ಇನ್ನುಳಿದ ಬಾಗಿಲುಗಳನ್ನು ಬೇಗ ಹೇಳಿ ಮುಗಿಸುತ್ತೇವೆ. ಕರ್ನಾಟಕದ ಖಾಸಗಿ ಆಸ್ಪತ್ರೆಯಾದರೆ ಅಲ್ಲಿಯ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಂತೆ ಜಿಲ್ಲಾಧಿಕಾರಿಯ ನೇತೃತ್ವದ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಕೇರಳದಲ್ಲಿ 2018ರ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯಿದೆ ಉಂಟು. ವೈದ್ಯರ ವೃತ್ತಿ ನಡವಳಿಕೆಯ ದೂರು ಆಯಾ ರಾಜ್ಯದ ಮೆಡಿಕಲ್ ಕೌನ್ಸಿಲಿಗೆ. ಅದು ಪರಿಹಾರ ಕೊಡಿಸುವುದಿಲ್ಲ, ಎಚ್ಚರಿಕೆ ಕೊಡಬಹುದು, ನೋಂದಣಿ ಅಮಾನತು ಮಾಡಬಹುದು. ಕ್ರಿಮಿನಲ್ ಕೇಸು ಕೊನೆಯ ಮಾತು. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ ಅತಿ ಘೋರ ನಿರ್ಲಕ್ಷ್ಯ ಇದ್ದರೆ ಮಾತ್ರ ವೈದ್ಯರ ಮೇಲೆ ಅಂಥ ಕೇಸು, ಅದಕ್ಕೂ ಮೊದಲು ಪೊಲೀಸರು ಬೇರೆ ವೈದ್ಯರ ಅಭಿಪ್ರಾಯ ಪಡೆಯಬೇಕು. ಸೋಂಕಿನ ವಿಷಯಕ್ಕೆ ಮೊದಲು ಪೊಲೀಸ್ ಸ್ಟೇಶನ್‌ಗೆ ಓಡುವುದನ್ನು ನಾವು ಒಪ್ಪುವುದಿಲ್ಲ. ಅಲ್ಲಿ ಸಿಕ್ಕಿಬೀಳುವವರು ರಾತ್ರಿ ಪಾಳಿಯ ಕಿರಿಯ ವೈದ್ಯರು, ನರ್ಸುಗಳು. ಸೋಂಕು ನಿಯಂತ್ರಣಕ್ಕೆ ಹಣ ಇಡದ ಆಡಳಿತ ಮಂಡಳಿಯಲ್ಲ.

ನಮ್ಮ ಧರ್ಮಕೇಂದ್ರದಲ್ಲಿ ಈ ವಿಷಯ ಎತ್ತಿದರೆ ಕೂಡಲೇ ಬರುವ ಪ್ರಶ್ನೆಯನ್ನೂ ಮುಚ್ಚಿಡುವುದು ಬೇಡ. "ಸಿಸ್ಟರ್‌ಗಳು ನಡೆಸುವ ಆಸ್ಪತ್ರೆಯ ಮೇಲೂ ಕೇಸ್ ಹಾಕುವುದಾ? ನಮ್ಮ ಮಕ್ಕಳೇ ಅಲ್ಲಿ ನರ್ಸುಗಳಲ್ವಾ?" ಹೌದು, ನಮ್ಮ ಅರ್ಧ ಮನೆಗಳಲ್ಲಿ ಒಬ್ಬಳು ನರ್ಸ್ ಇದ್ದಾಳೆ. ಅಕ್ಕಂದಿರನ್ನೇ ಕೇಳಿ ನೋಡಿ. ಒಬ್ಬಳೇ ಎಷ್ಟು ಬೆಡ್ ನೋಡಬೇಕು, ಒಂದು ಬೆಡ್ಡಿನಿಂದ ಇನ್ನೊಂದಕ್ಕೆ ಹೋಗುವ ಮಧ್ಯೆ ಕೈ ತೊಳೆಯಲು ಸಮಯ ಸಿಗುತ್ತದಾ, ಹ್ಯಾಂಡ್ ರಬ್ ಬಾಟಲಿ ಖಾಲಿಯಾದರೆ ಎಷ್ಟು ದಿನಕ್ಕೆ ಬರುತ್ತದೆ ಎಂದು. ಅವರು ಹೇಳುವುದನ್ನು ಕೇಳಿದ ಮೇಲೆ ನಮಗೆ ಇನ್ನಷ್ಟು ಖಾತ್ರಿಯಾಗಿದೆ: ರೋಗಿಯ ದೂರು ನರ್ಸಿಗೆ ಶತ್ರುವಲ್ಲ. ಸಿಬ್ಬಂದಿಯ ಲೋಪಕ್ಕೆ ಸಂಸ್ಥೆಯೇ ಹೊಣೆ ಎಂಬುದು ಕಾನೂನು. ಸಂಸ್ಥೆ ಒಮ್ಮೆ ಪರಿಹಾರ ಕಟ್ಟಿದರೆ ಇನ್ನೊಬ್ಬ ನರ್ಸನ್ನು ನೇಮಿಸುವುದು ಅದಕ್ಕಿಂತ ಅಗ್ಗ ಎಂದು ಲೆಕ್ಕ ಹಾಕುವವರಿಗೆ ತಿಳಿಯುತ್ತದೆ. ಸೇವೆಯ ಮನಸ್ಸಿನಿಂದ ನಡೆಯುವ ಆಸ್ಪತ್ರೆಗೂ ಇದೇ ಅಳತೆ ಇರಬೇಕು. ರೋಗಿಯ ಗಾಯಕ್ಕೆ ಆಸ್ಪತ್ರೆಯ ಬೋರ್ಡಿನಲ್ಲಿ ಯಾವ ಸಂತರ ಹೆಸರಿದೆ ಎಂದು ಗೊತ್ತಾಗುವುದಿಲ್ಲ.

ಸೇವೆಯ ಹೆಸರಿನಲ್ಲಿ ಏನಾಗಬಹುದು ಎಂಬುದಕ್ಕೆ ಉತ್ತರ ಪ್ರದೇಶದ ಖುರ್ಜಾದ ಉದಾಹರಣೆ ಉಂಟು. 1986ರಲ್ಲಿ ಅಲ್ಲಿ ಒಂದು ಸೇವಾ ಸಂಸ್ಥೆ ಉಚಿತ ಕಣ್ಣಿನ ಶಿಬಿರ ಮಾಡಿತು. ನೂರಕ್ಕೂ ಹೆಚ್ಚು ಜನರಿಗೆ ಆಪರೇಶನ್ ಆಯಿತು. ಒಳಗೆ ಸೋಂಕಾಗಿ ಎಂಬತ್ತಕ್ಕೂ ಹೆಚ್ಚು ಮಂದಿಯ ಆಪರೇಶನ್ ಆದ ಕಣ್ಣು ಹೋಯಿತು. ಬಳಸಿದ ಸಲೈನ್ ನೀರಿನ ಮೇಲೆ ಸಂಶಯ ಬಂತು. ಹಣ ಕೊಡದವರು, ಬಡವರು, ಹೆಚ್ಚಿನವರು ವಯಸ್ಸಾದವರು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ 1989ರಲ್ಲಿ ತೀರ್ಪಾಯಿತು. ಮೊದಲೇ ಕೊಟ್ಟಿದ್ದ 5,000 ರೂಪಾಯಿಯ ಮೇಲೆ ತಲಾ 12,500 ರೂಪಾಯಿ ಕೊಡಲು ಸರಕಾರಕ್ಕೆ ಆದೇಶವಾಯಿತು. ನಾವು ಯುವಜನರು ವರ್ಷವರ್ಷ ಶಿಬಿರ ಮಾಡುತ್ತೇವೆ, ಬ್ಯಾನರ್ ಕಟ್ಟುತ್ತೇವೆ, ಗಂಜಿ ಬಡಿಸುತ್ತೇವೆ, ಫೋಟೋ ಹಾಕುತ್ತೇವೆ. ಮುಂದಿನ ಸಲ ಶಿಬಿರದಲ್ಲಿ ತಪಾಸಣೆ ಮಾತ್ರ ಆಗಲಿ, ಆಪರೇಶನ್ ಏನಿದ್ದರೂ ಸರಿಯಾದ ಥಿಯೇಟರ್ ಇರುವ ಆಸ್ಪತ್ರೆಯಲ್ಲೇ ಎಂದು ಮೊದಲೇ ಬರೆಸಿಕೊಳ್ಳೋಣ. ಆಪರೇಶನ್ ಆದವರ ಮನೆಗೆ ಮೂರನೇ ದಿನ, ಹತ್ತನೇ ದಿನ, ತಿಂಗಳಿಗೆ ಒಮ್ಮೆ ಹೋಗಿ ನೋಡಿ ಬರುವ ಪಟ್ಟಿಯನ್ನೂ ಮಾಡೋಣ. ಆ ಫೋಟೋಗಳನ್ನು ಯಾರೂ ಲೈಕ್ ಮಾಡುವುದಿಲ್ಲ, ಪರವಾಗಿಲ್ಲ.

ಎಲ್ಲರೂ ಕೇಸೇ ಹಾಕಬೇಕೆಂದು ನಾವು ಹೇಳುತ್ತಿಲ್ಲ. ನಾವು ಕಂಡ ಮನೆಗಳಲ್ಲಿ ಹಲವರಿಗೆ ಬೇಕಾದದ್ದು ಹಣಕ್ಕಿಂತ ಮೊದಲು ಒಂದು ನೇರ ಮಾತು: ಏನಾಯಿತು, ಯಾಕಾಯಿತು, ಇನ್ನೊಬ್ಬರಿಗೆ ಆಗದ ಹಾಗೆ ಏನು ಮಾಡಿದಿರಿ. ಅದನ್ನು ಹೇಳಿ, ಎರಡನೇ ಆಪರೇಶನ್ನಿನ ಬಿಲ್ಲು ಬಿಟ್ಟುಕೊಟ್ಟರೆ ಅಲ್ಲಿಗೇ ಮುಗಿಸುವ ಮನೆಗಳು ಇವೆ. ಹೊಸ ಕಾಯಿದೆಯಲ್ಲಿ ಮಧ್ಯಸ್ಥಿಕೆಗೂ ಜಾಗ ಉಂಟು; ಕೇಸಿಗೆ ಮೊದಲೇ ಖಾಯಂ ಲೋಕ ಅದಾಲತ್ತಿಗೆ ಶುಲ್ಕವಿಲ್ಲದೆ ಹೋಗಬಹುದು, ಆಸ್ಪತ್ರೆ ಸೇವೆ ಅದರ ವ್ಯಾಪ್ತಿಯಲ್ಲೇ ಬರುತ್ತದೆ. ಆದರೆ ರಾಜಿಗೆ ಕೂರುವಾಗಲೂ ಕೈಯಲ್ಲಿ ಕಾಗದ ಇದ್ದವರ ಮಾತಿಗೆ ಬೆಲೆ. ಮೊಣಕಾಲಿನ ಆ ಹಿರಿಯರ ಮನೆಯಲ್ಲಿ ಫೈಲ್ ತೆಗೆದು ನೋಡಿದರೆ ಇದ್ದದ್ದು ಬಿಲ್ಲುಗಳು ಮತ್ತು ಒಂದೂವರೆ ಪುಟದ ಡಿಸ್ಚಾರ್ಜ್ ಸಮ್ಮರಿ ಮಾತ್ರ. ಕಲ್ಚರ್ ರಿಪೋರ್ಟ್ ಇಲ್ಲ, ಆಪರೇಶನ್ ನೋಟ್ಸ್ ಇಲ್ಲ, ನರ್ಸಿಂಗ್ ಚಾರ್ಟ್ ಇಲ್ಲ.

ಇವೆಲ್ಲ ಕೇಳಿದರೆ ಕೊಡಲೇಬೇಕಾದವು. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳಲ್ಲಿ ಎರಡು ಸಾಲುಂಟು: ಒಳರೋಗಿಯ ದಾಖಲೆಯನ್ನು 3 ವರ್ಷ ಇಟ್ಟಿರಬೇಕು, ರೋಗಿಯಾಗಲಿ ಅವರು ಒಪ್ಪಿಸಿದವರಾಗಲಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಅಪ್ಪ ಅಮ್ಮನಿಗೆ ಇದನ್ನು ಕೇಳಲು ಹೆದರಿಕೆ, ಇಂಗ್ಲಿಷಿನಲ್ಲಿ ಮಾತಾಡಬೇಕಲ್ಲ ಎಂಬ ಅಳುಕು. ಇದು ನಮ್ಮ ವಯಸ್ಸಿನವರು ಮಾಡಬೇಕಾದ ಕೆಲಸ. ಮನೆಯವರು ಆಸ್ಪತ್ರೆಯಲ್ಲಿರುವಾಗಲೇ ಒಂದು ಸಣ್ಣ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆಯುತ್ತಾ ಹೋಗಿ: ಜ್ವರ ಯಾವಾಗ ಶುರುವಾಯಿತು, ಯಾರಿಗೆ ಹೇಳಿದೆವು, ಏನೆಂದರು, ಟ್ಯೂಬ್ ಯಾವಾಗ ಹಾಕಿದರು, ಯಾವಾಗ ತೆಗೆದರು. ಗಾಯದ ಫೋಟೋ ತೆಗೆಯುವಾಗ ಪಕ್ಕದಲ್ಲಿ ಆ ದಿನದ ಪೇಪರ್ ಇಡಿ. ಸಿಟ್ಟಿನಲ್ಲಿ "ನಮ್ಮ ಇಷ್ಟದಿಂದಲೇ ಕರೆದುಕೊಂಡು ಹೋಗುತ್ತೇವೆ" ಎಂಬ ಕಾಗದಕ್ಕೆ ಓದದೆ ಸಹಿ ಹಾಕಬೇಡಿ. ಬೇರೆ ಆಸ್ಪತ್ರೆಗೆ ಹೋದರೆ ಅಲ್ಲಿಯ ವೈದ್ಯರು ಮೊದಲು ನೋಡಿದಾಗ ಗಾಯ ಹೇಗಿತ್ತು ಎಂಬುದನ್ನು ಬರೆಸಿಕೊಳ್ಳಿ; ಹೊರಗಿನವರ ಆ ಮೊದಲ ಸಾಲುಗಳಿಗೆ ಆಯೋಗದ ಮುಂದೆ ತೂಕವಿರುತ್ತದೆ.

ದಾಖಲೆ ಕೇಳುವ ಅರ್ಜಿಗೆ ದೊಡ್ಡ ಭಾಷೆ ಬೇಡ. "ಇಂಥ ದಿನದಿಂದ ಇಂಥ ದಿನದವರೆಗೆ ನಿಮ್ಮಲ್ಲಿ ಒಳರೋಗಿಯಾಗಿದ್ದ, ಇಂಥ ಐಪಿ ನಂಬರಿನ ನಮ್ಮ ತಂದೆಯವರ ಪೂರ್ತಿ ಕೇಸ್ ಶೀಟ್, ಆಪರೇಶನ್ ಮತ್ತು ಅನಸ್ತೇಸಿಯಾ ನೋಟ್ಸ್, ನರ್ಸಿಂಗ್ ಮತ್ತು ಔಷಧದ ಚಾರ್ಟ್, ಎಲ್ಲ ಲ್ಯಾಬ್ ಹಾಗೂ ಕಲ್ಚರ್ ರಿಪೋರ್ಟ್, ಒಪ್ಪಿಗೆ ಪತ್ರ, ಇವುಗಳ ಪ್ರತಿಯನ್ನು 2002ರ ನಿಯಮದಂತೆ 72 ಗಂಟೆಯೊಳಗೆ ಕೊಡಬೇಕಾಗಿ ವಿನಂತಿ, ಪ್ರತಿಯ ಖರ್ಚು ನಾವು ಕೊಡುತ್ತೇವೆ." ಇಷ್ಟು ಸಾಕು. ಕೆಳಗೆ ತಂದೆಯವರ ಸಹಿ, ಪಕ್ಕದಲ್ಲಿ ನಿಮಗೆ ಅಧಿಕಾರ ಕೊಟ್ಟ ಒಂದು ಸಾಲು. ಎರಡು ಪ್ರತಿ ಮಾಡಿ ಮೆಡಿಕಲ್ ರೆಕಾರ್ಡ್ಸ್ ವಿಭಾಗದಲ್ಲಿ ಕೊಡಿ. ಇಸಕೊಂಡವರಿಂದ ನಿಮ್ಮ ಪ್ರತಿಯ ಮೇಲೆ ಸೀಲ್ ಹಾಕಿಸಿ ದಿನಾಂಕದ ಜೊತೆ ಗಂಟೆಯನ್ನೂ ಬರೆಸಿ, 72 ಗಂಟೆ ಅಲ್ಲಿಂದ ಶುರು. ಸೀಲ್ ಹಾಕಲು ಒಪ್ಪದಿದ್ದರೆ ಜಗಳ ಬೇಡ, ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟ್ ಮಾಡಿ ರಶೀದಿಯನ್ನು ಫೈಲಿಗೆ ಸೇರಿಸಿ.